ಫಟಫಟಿಯ ಬಂಗಾರದ ಗೆರೆ

ಮಾವ ತೀರಿಕೊಂಡು ಇಪ್ಪತ್ತು ದಿನವಾಯಿತು. ಅವರು ಕೂತು ಕೆಲಸ ಮಾಡುತ್ತಿದ್ದ ಮಣೆ ಜಗುಲಿಯಲ್ಲಿ ಹಾಗೇ ಇದೆ. ತೆಗೆಯುವುದು ಬೇಡ ಎಂದು ಅತ್ತೆ ಹೇಳಿದ್ದಾರೆ. ಗುಡಿಸುವಾಗ ಅದರ ಸುತ್ತ ಗುಡಿಸಿ ಬರುತ್ತೇನೆ. ನಾನು ಓದಿದ್ದು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ. ಬರೆದು ಅಭ್ಯಾಸವಿಲ್ಲ. ಆದರೂ ಅವರ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ ಒಂದು ಮಧ್ಯಾಹ್ನವನ್ನು ಬರೆದಿಡಬೇಕು ಅನ್ನಿಸಿದೆ.

ನಮ್ಮದು ಶಿರಸಿಯ ಗುಡಿಗಾರರ ಮನೆ. ಮಾವ ಗಂಧದ ಪೆಟ್ಟಿಗೆ ಕೆತ್ತುತ್ತಿದ್ದರು, ಮದುವೆಯ ಕಾಲದಲ್ಲಿ ಬೆಂಡಿನ ಬಾಸಿಂಗ ಮಾಡುತ್ತಿದ್ದರು. ನಾನು ಯಲ್ಲಾಪುರದ ಕಡೆಯ ನಂದೊಳ್ಳಿಯಿಂದ ಸೊಸೆಯಾಗಿ ಬಂದಾಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರೂ ನನಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ, ಕಂಬಕ್ಕೆ ಹೇಳುತ್ತಿದ್ದರು. "ಯಾರಾದ್ರೂ ಒಂದು ತಂಬಿಗೆ ನೀರು ಕೊಟ್ರೆ ಆಗ್ತಿತ್ತು." ನಾನು ತಂದು ಕಂಬದ ಬುಡದಲ್ಲಿಟ್ಟು ಒಳಗೆ ಹೋಗುತ್ತಿದ್ದೆ. ಏಳು ತಿಂಗಳು ಹೀಗೇ ನಡೆಯಿತು.

ನನ್ನ ಅಣ್ಣ ಯಲ್ಲಾಪುರದ ಒಬ್ಬ ನಾಟಾ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ. ಇಡಗುಂದಿ ಕಡೆಯ ಕಾಡಿನಲ್ಲಿ ಕಡಿದ ಮರಗಳಿಗೆ ನಂಬರು ಹೊಡೆಸುವುದು ಅವನ ಕೆಲಸ. ಅಪ್ಪ ಇರಲಿಲ್ಲ. ಆಯಿ, ಇನ್ನೂ ಇಬ್ಬರು ತಂಗಿಯರು ಅವನ ದುಡಿಮೆಯಲ್ಲೇ ಉಣ್ಣುತ್ತಿದ್ದರು.

ಒಂದು ದಿನ ಅವನು ಧಣಿಯ ಮೋಟಾರ್ ಸೈಕಲ್ ಮೇಲೆ ಬಂದ. ಸಿದ್ದಾಪುರಕ್ಕೆ ಯಾವುದೋ ಕಾಗದ ಮುಟ್ಟಿಸಿ ತಿರುಗಿ ಹೋಗುವವನು, ದಾರಿಯಲ್ಲಿ ತಂಗಿಯ ಮನೆ ಎಂದು ಊಟಕ್ಕೆ ನಿಂತ. ಕಪ್ಪು ಬಣ್ಣದ ಗಾಡಿ. ಪೆಟ್ರೋಲ್ ಟಾಕಿಯ ಎರಡೂ ಬದಿಗೆ ಒಂದೊಂದು ಬಂಗಾರದ ಗೆರೆ. ಓಣಿಯ ಜನವೆಲ್ಲ ಬಂದು ನೋಡಿ ಹೋದರು.

"ಮೊದ್ಲ ಸಲ ನನ್ನ ಕೈಗೆ ಕೊಟ್ಟಿದಾರೆ" ಎಂದ ಅಣ್ಣ, ಊಟಕ್ಕೆ ಕೂತು. "ಒಂದು ಗೀರು ಬಿದ್ರೂ ನಾಳೆಯಿಂದ ನಾಟಾ ಡಿಪೋ ಕಡೆ ಮುಖ ಹಾಕ್ಬೇಡ ಅಂದಿದಾರೆ. ಹೊತ್ತು ಮುಳುಗೂದ್ರೊಳಗೆ ಮುಟ್ಟಿಸ್ಬೇಕು."

ಉಂಡು ಅವನು ಜಗುಲಿಯಲ್ಲಿ ಮಲಗಿದ. ನನ್ನ ಮನೆಯವರು ಪೆಟ್ಟಿಗೆ ಕೊಡಲು ಬನವಾಸಿಗೆ ಹೋಗಿದ್ದರು. ಮಾವ ಮಣೆಯಲ್ಲಿ ಕೂತು ತಲೆಯೆತ್ತದೆ ಕೆತ್ತುತ್ತಿದ್ದರು. ಗಾಡಿ ಅಂಗಳದಲ್ಲಿ ಕೆಂಪು ಧೂಳು ಹೊತ್ತು ನಿಂತಿತ್ತು. ಧಣಿಯ ಮುಂದೆ ಅಣ್ಣ ಇಂಥಾ ಕೊಳಕು ಗಾಡಿ ನಿಲ್ಲಿಸುವುದೇ ಎನ್ನಿಸಿತು. ಒಂದು ಬಕೆಟ್ ನೀರು, ಒಲೆಯ ಬೂದಿ, ತೆಂಗಿನ ನಾರು ತಗೊಂಡು ಹೋದೆ. ಕೊಡಪಾನ ತಿಕ್ಕುವ ಹಾಗೆ ಟಾಕಿಯ ಎಡಬದಿಯನ್ನು ತಿಕ್ಕಿದೆ. ಒದ್ದೆಯಿದ್ದಾಗ ಫಳಫಳ ಹೊಳೆಯಿತು. ನನಗೆ ಖುಷಿಯೇ ಆಯಿತು. ಆಮೇಲೆ ನಾರಿಗೆ ಬಂಗಾರ ಹತ್ತಿದ್ದು ಕಂಡಿತು. ನೀರು ಆರಿದ ಮೇಲೆ ಟಾಕಿ ಬಾಯಿಂದ ಊದಿದ ಕನ್ನಡಿಯ ಹಾಗೆ ಮಬ್ಬಾಗಿ, ಮೈತುಂಬ ಸಣ್ಣ ಸಣ್ಣ ಗೀರು. ಗೆರೆ ನಡುವೆ ಒಂದು ಗೇಣಿನಷ್ಟು ಇರಲೇ ಇಲ್ಲ.

ಅಣ್ಣ ಎದ್ದು ಬಂದವನು ಅಂಗಳದಲ್ಲೇ ಕುಕ್ಕರಿಸಿದ.

"ಎಂತ ಮಾಡಿದ್ಯೇ ತಂಗೀ ಇದು?"

"ತೊಳೆದೆ."

"ಎಂತದ್ರಲ್ಲಿ?"

ಕೈಯ ನಾರು ತೋರಿಸಿದೆ. ಅತ್ತೆ ಬಾಗಿಲಿಗೆ ಬಂದು ನೋಡಿದರು. "ಏಳು ತಿಂಗಳಾಯ್ತು ಮಾರಾಯಾ, ನಮ್ಮನೆ ಕೊಡಪಾನ ಇಷ್ಟು ತಿಕ್ಕಿದ್ದು ನಾ ಒಂದಿನ ಕಾಣ್ಲಿಲ್ಲ. ಅಣ್ಣನ ಫಟಫಟಿ ಅಂದ್ರೆ ನೋಡು, ಚರ್ಮವೇ ಸುಲ್ದಿದಾಳೆ!"

ಅಣ್ಣನಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. "ಆಯಿಗೆ ಎಂತ ಹೇಳ್ಲಿ" ಎಂದ. ಅಷ್ಟೇ. ನಾನು ಸತ್ತೇಹೋಗಬೇಕು ಎಂದುಕೊಂಡೆ.

ಆಗ ಮಾವ ಮಣೆಯಿಂದ ಎದ್ದು ಬಂದರು. ಯಾರನ್ನೂ ಬೈಯಲಿಲ್ಲ. ಮಣೆಯನ್ನು ತಂದು ಗಾಡಿಯ ಪಕ್ಕಕ್ಕೆ ಹಾಕಿ ಕೂತು, ಬಹಳ ಹೊತ್ತು ನೋಡಿದರು. ಆಮೇಲೆ ಕಿರುಬೆರಳಿನ ಉಗುರನ್ನು ಗೀರುಗಳಿಗೆ ಅಡ್ಡವಾಗಿ ಮೆಲ್ಲಗೆ ಎಳೆದರು.

"ಉಗುರು ತಡೆಯೂದಿಲ್ಲ. ತಡೆದ್ರೆ ಗಾಯ ಆಳ ಅಂತ ಲೆಕ್ಕ. ಇದು ಬರೀ ಮೇಲಿಂದು" ಎಂದರು ಅಣ್ಣನಿಗೆ. "ಹೆದರ್ಬೇಡ."

ಗಂಧಕ್ಕೆ ನುಣುಪು ಕೊಡಲು ನಮ್ಮಲ್ಲಿ ಗರಗತ್ತಿ ಮರದ ಎಲೆ ಒಣಗಿಸಿ ಇಟ್ಟಿರುತ್ತಾರೆ. ದನದ ನಾಲಗೆಯಂಥ ಒರಟು ಎಲೆ. ಅದನ್ನು ನೀರಲ್ಲಿ ನೆನೆಸಿ, ಒಂದೇ ದಿಕ್ಕಿಗೆ, ಕೂಸಿನ ಬೆನ್ನು ಸವರಿದ ಹಾಗೆ ಸವರಿದರು. ಗೀರುಗಳು ಒಂದೊಂದಾಗಿ ಇಲ್ಲವಾದವು. ಆ ಬದಿಯಲ್ಲಿ ಉಳಿದಿದ್ದ ಗೆರೆಯ ತುಂಡುಗಳನ್ನೂ ಹಾಗೇ ಸವೆಸಿ ತೆಗೆದರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ದೀಪದ ಮಸಿ ಬೆರೆಸಿದರು. ಹಳೇ ಪಂಚೆಯ ತುಂಡನ್ನು ಉಂಡೆ ಕಟ್ಟಿ ಅದರಲ್ಲಿ ಅದ್ದಿ ಒಂದು ಕೈ ಒರೆಸಿದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅದು ಆರಿತು. ಮತ್ತೊಂದು ಕೈ. ಹೀಗೆ ಎಂಟೋ ಒಂಬತ್ತೋ ಆಯಿತು. ಕೊನೆಯದು ಆರಿದಾಗ ಟಾಕಿಯಲ್ಲಿ ನಮ್ಮ ಮಾಡಿನ ಹಂಚು ಒಂದೊಂದೂ ಎಣಿಸುವ ಹಾಗೆ ಕಂಡಿತು.

ಗೆರೆ ಬಾಕಿ ಇತ್ತು. ಮಾವ ಎದ್ದು ಬಲಬದಿಗೆ ಹೋಗಿ ಅಲ್ಲಿನ ಹಳೇ ಗೆರೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ತಿರುಗಿ ಬಂದಾಗ ಅವರ ಮುಖ ಬೇರೆಯೇ ಆಗಿತ್ತು.

ಗೆರೆಗೆ ಗುರುತು ಹಾಕಲು ಸುಣ್ಣದ ಪುಡಿ ಹಚ್ಚಿದ ದಾರ ಹಿಡಿಯಬೇಕು. ಅದಕ್ಕೆ ಇನ್ನೊಂದು ಕೈ ಬೇಕು. ಅಣ್ಣ ಗಾಡಿ ಅಲುಗದ ಹಾಗೆ ಹಿಡಿದು ನಿಂತಿದ್ದ. ಅತ್ತೆಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಮಾವ ಕಂಬದ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ ಹೇಳಿದರು:

"ಬಾ ಮಗಾ. ಈ ತುದಿ ಹಿಡಿ. ಉಸಿರು ಬಿಡ್ಬೇಡ."

ಹಿಡಿದೆ. ದಾರ ಒತ್ತಿ ತೆಗೆದಾಗ ಕಪ್ಪಿನ ಮೇಲೆ ಬಿಳಿಯ ಸಣ್ಣ ಗುರುತು ಉಳಿಯಿತು. ಬಾಸಿಂಗಕ್ಕೆ ಹಾಕುವ ಬಂಗಾರ ಬಣ್ಣದ ಪುಡಿಯನ್ನು ಮೆರುಗೆಣ್ಣೆಯಲ್ಲಿ ಕಲಸಿ, ಅಳಿಲಿನ ಕೂದಲಿನ ಕುಂಚ ಅದ್ದಿದರು. ಕಿರುಬೆರಳನ್ನು ಟಾಕಿಗೆ ಊರಿದರು. ಆಮೇಲೆ ಆ ಮುದಿ ಕೈ ಚಲಿಸಿತು. ತಡೆಯಲಿಲ್ಲ, ಓಡಲೂ ಇಲ್ಲ. ಟಾಕಿ ಬಾಗಿದಲ್ಲಿ ಬಾಗಿ, ಏರಿದಲ್ಲಿ ಏರಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಹೋಯಿತು. ಕುಂಚದ ಹಿಂದೆ ಬಂಗಾರ ಹುಟ್ಟುತ್ತಾ ಬಂತು. ದಿನಾ ಈ ಕೈಗೆ ಅನ್ನ ಬಡಿಸಿದ್ದೆ. ಅದು ಇಂಥಾ ಕೈ ಎಂದು ಗೊತ್ತಿರಲಿಲ್ಲ.

ತುದಿಯಲ್ಲಿ ಕುಂಚ ಎತ್ತುವಾಗ ಅವರು ಬೇಕೆಂದೇ ಒಂದು ಎಳ್ಳಿನಷ್ಟು ದಪ್ಪ ಬಿಟ್ಟರು.

"ಅದ್ಯಾಕೆ ಮಾವ?" ನನ್ನ ಬಾಯಿಂದ ಹೊರಟೇಹೋಯಿತು.

"ಆಚೆ ಬದಿ ನೋಡು" ಎಂದರು.

ಹೋಗಿ ನೋಡಿದೆ. ಹಳೇ ಗೆರೆಯ ತುದಿಯಲ್ಲೂ ಅಂಥದೇ ಒಂದು ಎಳ್ಳು ಇತ್ತು.

"ಇದು ಯಂತ್ರ ಎಳೆದದ್ದಲ್ಲ ಮಗಾ. ಯಾವನೋ ಕೈಯಲ್ಲಿ ಎಳೆದಿದಾನೆ. ಸಮುದ್ರದ ಆಚೆ, ಯಾವ ಊರೋ ಎಂತೋ. ಕುಂಚ ಎತ್ತಿದ ಜಾಗ ಅದು. ಎಂಥಾ ಕೈ ನೋಡು ಅವಂದು!" ಎಂದು ಮಾವ ಆ ಗೆರೆಗೆ ಕೈ ಮುಗಿದರು.

ಹೊರಡುವಾಗ ಅಣ್ಣ ಅವರ ಕಾಲಿಗೆ ಬಿದ್ದ. ಮಾವ ಹೇಳಿದರು, "ಧಣಿಗೆ ಹೇಳ್ಬಿಡು."

"ಹೇಳಿದ್ರೆ ಕೆಲ್ಸ ಹೋಯ್ತು, ಮಾವ."

"ನಾ ಮಾಡಿದ್ದನ್ನ ಅಡಗ್ಸಿ ಕೊಡೂದಿಲ್ಲ. ಅವ್ರೇ ನೋಡ್ಲಿ. ಗುರ್ತು ಸಿಕ್ರೆ ಬೈಲಿ."

ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೇ ದಿನ ಅಣ್ಣ ಬಸ್ಸಿನಲ್ಲಿ ಬಂದ. ಹೇಳಿದ್ದನಂತೆ. ಧಣಿ ಗಾಡಿಯ ಸುತ್ತ ಮೂರು ಸುತ್ತು ಬಂದು, ಬಗ್ಗಿ ನೋಡಿ, ಕಡೆಗೆ ಬಲಬದಿಯ ಹಳೇ ಗೆರೆಗೆ ಬೆರಳಿಟ್ಟು "ಹೊಸತು ಇದೇ ಅಲ್ವೋ" ಎಂದರಂತೆ. ಅಲ್ಲ ಎಂದಾಗ ನಕ್ಕು, "ಹೋಗು, ಕಾಡಿಗೆ ಹೋಗು, ಹೊತ್ತಾಯ್ತು" ಎಂದರಂತೆ.

ಮಾವ ಕೇಳಿ, "ಅವ್ರಿಗೆ ಕಣ್ಣು ಪರೀಕ್ಷೆ ಮಾಡ್ಸಬೇಕು" ಎಂದು ಉಳಿ ಕೈಗೆತ್ತಿಕೊಂಡರು.

ಆಮೇಲೆ ಇಷ್ಟು ವರ್ಷ ಅವರು ಕಂಬಕ್ಕೆ ಮಾತಾಡಲಿಲ್ಲ. ಕೊನೆಯ ದಿನದ ತನಕ ನೀರು ಕೇಳಿದ್ದು ನನ್ನನ್ನೇ, ಮಗಾ ಎಂದೇ.

ಮಾವನ ಹನ್ನೆರಡನೆಯ ದಿನದ ಕಾರ್ಯಕ್ಕೆ ಅಣ್ಣ ಅದೇ ಗಾಡಿಯ ಮೇಲೆ ಬಂದಿದ್ದ. ಈಗ ಧಣಿ ಕೇಳದೆಯೇ ಕೊಡುತ್ತಾರೆ. ಊಟವಾಗಿ ಎಲ್ಲರೂ ಒಳಗಿದ್ದಾಗ ನಾನು ಅಂಗಳಕ್ಕೆ ಹೋದೆ. ಎರಡೂ ಬದಿಯ ಬಂಗಾರ ಒಂದೇ ಹಾಗೆ ಮಾಸಿತ್ತು. ಎಡಬದಿಯ ತುದಿಯ ಎಳ್ಳನ್ನು ಹುಡುಕಿ, ಅದರ ಮೇಲೆ ಕಿರುಬೆರಳಿನ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ.