ಹನ್ನೆರಡು ಅಂಕದ ಬುದ್ಧಿ

ನಮ್ಮ ಬೀದಿಯ ಟೈಲರಕ್ಕ ಅಳತೆಯಲ್ಲಿ ತಪ್ಪಿದವಳಲ್ಲ. ಹಾಗಾಗಿ ಮಗಳ ಬುದ್ಧಿ ಒಂದೇ ವರ್ಷದಲ್ಲಿ ನೂರಾ ಮೂವತ್ತೆರಡರಿಂದ ನೂರಾ ಇಪ್ಪತ್ತಕ್ಕೆ ಇಳಿದಿದೆ ಎಂದು ಶಾಲೆಯಿಂದ ಚೀಟಿ ಬಂದಾಗ, ಆ ಹನ್ನೆರಡು ಅಂಕ ಎಲ್ಲಿ ಸೋರಿಹೋಯಿತೋ ಎಂದು ತಲೆಯ ಮೇಲೆ ಕೈಹೊತ್ತು ಕುಳಿತಳು.

ಇಡೀ ತರಗತಿಯನ್ನು ಒಟ್ಟಿಗೆ ಕೂರಿಸಿ ಬರೆಸುವ ಬುದ್ಧಿಪರೀಕ್ಷೆ ಅದು. ನೂರಾ ಮೂವತ್ತು ದಾಟಿದವರಿಗೆ ಮೇಲಿನ ವಿಭಾಗ, ಉಳಿದವರಿಗೆ ಹೆಡ್‌ಮಾಸ್ತರರ ಸಹಾನುಭೂತಿ. ಹೋದ ವರ್ಷ ಮೇಲೇರಿದ್ದ ಹುಡುಗಿ ಸೋಮವಾರದಿಂದ ಕೆಳಗಿಳಿಯಬೇಕಿತ್ತು.

"ಜ್ವರ ಇದ್ದಾಗ್ಲೂ ಗುಂಡಿ ಹಚ್ಚೋಕೆ ಕೂರಿಸಿದ್ದೆ ಕಣೇ. ನಾನೇ ಹಾಳುಮಾಡ್ದೆ" ಎಂದು ಟೈಲರಕ್ಕ ತಂಗಿಯ ಮುಂದೆ ಅತ್ತಳು.

"ಗುಂಡಿ ಹಚ್ಚಿದ್ರೆ ಬುದ್ಧಿ ಹೋಗೋದಾದ್ರೆ, ಅಕ್ಕಾ, ನಿಂಗೆ ಇಷ್ಟೊತ್ತಿಗೆ ಮನೆ ದಾರೀನೇ ಮರೆತುಹೋಗಿರ್ಬೇಕಿತ್ತು."

ಅಕ್ಕ ನಗಲಿಲ್ಲ. ಮಗಳು ಲೆಕ್ಕದ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದಳು. "ನಂಗೆ ಬರಲ್ಲಮ್ಮ. ಬುದ್ಧಿ ಇಳಿದಿದೆಯಂತಲ್ಲ."

ಆ ಮಾತು ಕೇಳಲಾರದೆ ಟೈಲರಕ್ಕ ಎರಡೂ ವರ್ಷದ ಚೀಟಿಗಳನ್ನು ಬಟ್ಟೆಯಂತೆ ಹಾಸಿ, ಒಳಮೈ ಹೊರಮೈ ತಿರುವಿ ನೋಡಿದಳು. ಪರೀಕ್ಷೆಗಳ ಹೆಸರೇ ಬೇರೆ ಬೇರೆ. ಹಿಂಬದಿಯ ಸಣ್ಣಕ್ಷರ ಮಾತ್ರ ಒಂದೇ: ನೂರರಲ್ಲಿ ತೊಂಬತ್ತೊಂದು ಮಕ್ಕಳಿಗಿಂತ ಮುಂದೆ.

ಟೇಪು ಕೊರಳಿಗೆ ಹಾಕಿಕೊಂಡೇ ಶಾಲೆಗೆ ಓಡಿದಳು.

"ಸಾರ್, ಹೋದ ವರ್ಷ ನಿಮ್ಮ ಪ್ಯಾಂಟು ಹೊಲಿದಾಗ ಸೊಂಟ ನಲವತ್ತಿತ್ತು. ಈ ವರ್ಷ ನೂರಾ ಎರಡಾಗಿದೆ."

ಹೆಡ್‌ಮಾಸ್ತರರು ಹೊಟ್ಟೆಯನ್ನು ಒಳಗೆಳೆದುಕೊಂಡರು. "ಏನಮ್ಮಾ, ತಮಾಷೆನಾ? ಅದು ಇಂಚು, ಇದು ಸೆಂಟಿಮೀಟರು!"

"ಹೌದು ಸಾರ್. ಸೊಂಟ ಅದೇ, ಅಳತೆ ಬೇರೆ. ನನ್ನ ಮಗಳದ್ದೂ ಅಷ್ಟೇ ಆಗಿರೋದು."

ಅವರು ಚೀಟಿಗಳ ಹಿಂಬದಿಯನ್ನು ಬಹುಶಃ ಮೊದಲ ಸಲ ಓದಿದರು. "ಅಂದ್ರೆ ನೂರಾ ಮೂವತ್ತರ ಗೆರೆ..."

"ಹಳೇ ಪರೀಕ್ಷೇದು ಸಾರ್."

ಅರ್ಥವಾಗಿತ್ತು. ಅರ್ಥವಾದದ್ದೇ ತೊಂದರೆ, ತಕ್ಷಣ ಅವರಿಗೆ ತಮ್ಮ ಕುರ್ಚಿ ನೆನಪಾಯಿತು. "ಪಟ್ಟಿಗೆ ಮೊಹರು ಬಿದ್ದಿದೆಯಮ್ಮ. ನಿಮ್ಮ ಮಗಳದ್ದು ತಿದ್ದಿದ್ರೆ ಎಲ್ಲರದ್ದೂ ತಿದ್ದಬೇಕಾಗುತ್ತೆ."

"ತಿದ್ದಿ ಸಾರ್. ಕಾಲಿಗೆ ಬೀಳ್ತೀನಿ."

"ಮುಂದಿನ ವರ್ಷ ನೋಡೋಣ. ಪ್ಯಾಂಟು ಶನಿವಾರ ಸಿಗುತ್ತಲ್ಲ?"

ಮನೆಗೆ ಬಂದವಳೇ ಮಗಳ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಬುದ್ಧಿ ಎಲ್ಲೂ ಹೋಗಿಲ್ಲ ಪುಟ್ಟಿ. ಪರೀಕ್ಷೆ ಬೇರೆ ಆಗಿತ್ತು ಅಷ್ಟೇ. ಅವರೂ ಒಪ್ಪಿದ್ರು."

ಹುಡುಗಿಯ ಮುಖ ಅರಳಿತು. "ಹಾಗಾದ್ರೆ ಸೋಮವಾರ ನನ್ನ ಕ್ಲಾಸಿಗೇ ಹೋಗ್ಲಾ?"

ಟೈಲರಕ್ಕ ಹಿಡಿದ ಕೈ ಬಿಟ್ಟು, ಕೊರಳಿನ ಟೇಪು ತೆಗೆದು ಸುತ್ತತೊಡಗಿದಳು.

ಮಗಳು ಗುಂಡಿಯ ಡಬ್ಬಿ ಎಳೆದುಕೊಂಡು, ಹೆಡ್‌ಮಾಸ್ತರರ ಪ್ಯಾಂಟಿಗೆ ಗುಂಡಿ ಹಚ್ಚಲು ಕುಳಿತಳು.