ಕಾಕು ಕೇಳುತ್ತಿದ್ದ ಮಾಫಿ

ಕಳೆದ ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಯಾರೋ ಒಣದ್ರಾಕ್ಷಿ ಕುದಿಸುತ್ತಿದ್ದರು. ಮರುದಿನದ ಕರ್ತನ ಭೋಜನಕ್ಕೆ ಬೇಕಾಗುವ ರಸ. ತುಸು ಸಿಹಿ, ತುಸು ಹುಳಿ, ತಳ ಹಿಡಿದರೆ ಬೆಲ್ಲ ಸೀದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಬೇರೆಯವರಿಗೆ ಆ ವಾಸನೆಯಿಂದ ಭಕ್ತಿ ಬರುತ್ತದೇನೋ. ನನಗೆ ಬಾಜೂಮನೆಯ ಕಾಕು ನೆನಪಾಗುತ್ತಾರೆ. ಕಾಕು ನೆನಪಾದರೆ ಮೊದಲು ಬರುವುದು ಸಿಟ್ಟೇ.

ನಾನು ಭಾಲ್ಕಿ ಕಡೆಯವಳು. ಮದುವೆಯಾಗಿ ಗಡಿಯಾಚೆಯ ಉಮರ್ಗಾಕ್ಕೆ ಬಂದೆ. ಗಂಡ ಎಸ್.ಟಿ. ಬಸ್ಸಿನ ಕಂಡಕ್ಟರ್. ಮದುವೆಯ ವಯಸ್ಸಿಗೆ ಬಂದ ನಾದಿನಿ ನಮ್ಮ ಜೊತೆಗೇ ಇದ್ದಳು. ನಾನು ಬಾಗಿಲ ಹತ್ತಿರ ಮಶೀನು ಹಾಕಿಕೊಂಡು ಊರವರ ಬ್ಲೌಸು ಹೊಲಿಯುತ್ತಿದ್ದೆ. ಕಾಕುವಿನ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಮೋಟುಗೋಡೆ ಅಷ್ಟೇ. ಅವರು ನಿಲಂಗಾದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ, ಕೈಲಾಗದ ಮೇಲೆ ತಮ್ಮ ಗಂಡ ಕಟ್ಟಿಸಿದ್ದ ಈ ಎರಡು ಕೋಣೆಯ ಮನೆಗೆ ಬಂದು ಸೇರಿದ್ದರು. ಗಂಡ ತೀರಿಹೋಗಿದ್ದರು. ಮಗಳು, ಮೊಮ್ಮಗಳು ನಿಲಂಗಾದಲ್ಲೇ. ಚರ್ಚಿನ ದ್ರಾಕ್ಷಾರಸ ಕುದಿಸುವ ಕೆಲಸ ಅವರದೇ ಆಗಿತ್ತು. ಅವರು ಕುದಿಸಿದರೆ ತಳ ಹಿಡಿಯುತ್ತಿರಲಿಲ್ಲ, ಅದನ್ನಂತೂ ಒಪ್ಪಬೇಕು.

ಕರ್ತನ ಭೋಜನ, ಅಂದರೆ ಕರ್ತನ ನೆನಪಿಗೆ ಸಭೆಯವರೆಲ್ಲ ಎದ್ದುಹೋಗಿ ರೊಟ್ಟಿ ತಿಂದು ರಸ ಕುಡಿಯುವುದು, ತಿಂಗಳ ಮೊದಲ ಭಾನುವಾರ. ಯಾರ ಬಗ್ಗೆಯೂ ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ರೊಟ್ಟಿ ಮುಟ್ಟಬೇಡಿ, ಮೊದಲು ಹೋಗಿ ರಾಜಿಯಾಗಿ ಬನ್ನಿ ಎಂದು ಸಭಾಪಾಲಕರು ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು. ನಾವೆಲ್ಲ ತಲೆಯಾಡಿಸಿ, ಮನೆಗೆ ಬಂದು, ಉಂಡು ಮಲಗಿದೆವು. ಕಾಕು ಮಾತ್ರ ಅದನ್ನು ಖರೇ ಎಂದು ಹಿಡಿದುಬಿಟ್ಟರು. ಮುಂದಿನ ಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನನ್ನ ಮಶೀನಿನ ಮುಂದೆ ಬಂದು ನಿಂತರು.

"ಯವ್ವಾ, ಕೆಲಸಾ ಬಿಡು. ನಿನ್ನ ಮಾಫಿ ಬೇಕು."

"ಯಾಕ್ರೀ ಕಾಕು, ಏನಾಯ್ತು?"

"ಮೊನ್ನಿ ಹಸರ ಸೀರಿ ಉಟ್ಟಿದ್ದಿ ನೋಡು, ಆವಾಗ ನನ್ನ ದಿಲ್‌ನಾಗ ಬಂತು, ಈಕಿ ಎಮ್ಮಿಗಿ ಝೂಲ ಹೊಚ್ಚಿದಂಗ ಕಾಣ್ತಾಳ ಅಂತ. ಹಂಗ ಅಂದ್ಕೋಬಾರದಿತ್ತು. ಮಾಫ್ ಮಾಡು."

ಕಣ್ಣಲ್ಲಿ ನೀರು ಬೇರೆ. ನಾನು ಏನು ಹೇಳಲಿ? ಇರಲಿ ಬಿಡಿ ಎಂದೆ. ಅವರು ಹಗುರಾಗಿ ಹೊರಟುಹೋದರು. ನನ್ನ ತವರಿನವರು ಕೊಟ್ಟ ಆ ಹಸಿರು ಸೀರೆಯನ್ನು ನಾನು ಮತ್ತೆ ಉಡಲಿಲ್ಲ.

ಆಮೇಲೆ ಪ್ರತಿ ತಿಂಗಳೂ ಇದೇ. ನನ್ನ ಗಂಡ ಚರ್ಚಿನಲ್ಲಿ ಹಾಡುವಾಗ ಕತ್ತೆ ಒದರಿದ ಹಾಗೆ ಕೇಳುತ್ತದೆ ಎಂದು ಅಂದುಕೊಂಡದ್ದಕ್ಕೆ ಅವರ ಮಾಫಿ ಕೇಳಿದರು. ಅಂದಿನಿಂದ ನನ್ನ ಗಂಡ ಹಾಡುವಾಗ ಬಾಯಿ ಮಾತ್ರ ಆಡಿಸುತ್ತಾರೆ. ಒಮ್ಮೆ ಮಹಿಳಾ ಸಂಘದ ಅಧ್ಯಕ್ಷೆಗೆ ಮೊಬೈಲಿನಲ್ಲಿ ಮಾತಾಡಿ ಕಳಿಸಿದ ಮಾಫಿ ತಪ್ಪಿ ಇಡೀ ಸಂಘದ ಗ್ರೂಪಿಗೆ ಹೋಯಿತು. ಆಕೆಯ ಬಿರಿಯಾನಿಯ ಬಗ್ಗೆ ಕಾಕುವಿಗೆ ಇದ್ದ ಅಭಿಪ್ರಾಯವನ್ನು ನಾವೆಲ್ಲ ಕೇಳಿದೆವು. ಅಧ್ಯಕ್ಷೆ ಗ್ರೂಪನ್ನೇ ಬಿಟ್ಟರು... ಗಲ್ಲಿಯ ಹೆಂಗಸರು ಆ ಶನಿವಾರಗಳಂದು ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿರುತ್ತಿದ್ದರು. ನನಗೆ ಆ ಭಾಗ್ಯವೂ ಇಲ್ಲ. ಬೆಳಕಿಗಾಗಿ ಬಾಗಿಲು ತೆರೆದಿಟ್ಟೇ ಹೊಲಿಯಬೇಕು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ನಾದಿನಿಯ ಸಂಬಂಧ ಗಟ್ಟಿಯಾಗುವ ದಿನ ಬಂತು. ಹುಡುಗ ಉದಗೀರದವನು, ನಮ್ಮ ಸಭೆಯವರೇ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾದಿನಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ನಿಶ್ಚಯಕ್ಕೆ ಅವರು ಬಂದದ್ದು, ನಮ್ಮ ದುರ್ದೈವಕ್ಕೆ, ಭೋಜನದ ಹಿಂದಿನ ಶನಿವಾರ.

ಹುಡುಗನ ತಾಯಿ ಸಂಬಂಧ ಗಟ್ಟಿಯಾಯಿತೆಂದು ಹಂಚುವ ಸಕ್ಕರೆಯ ಪೊಟ್ಟಣವನ್ನು ಚೀಲದಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಚಹಾ ಕೊಡುತ್ತಿದ್ದೆ. ಕಾಕು ಒಳಗೆ ಬಂದರು. ಹರಸಲು ಬಂದರು ಅಂದುಕೊಂಡೆ. ಅವರು ನೇರ ಹುಡುಗನ ತಾಯಿಯ ಮುಂದೆ ಹೋಗಿ ಕೈ ಮುಗಿದರು.

"ಅಕ್ಕಾರ, ನಿಮ್ಮ ಮಾಫಿ ಬೇಕು. ನಿಮ್ಮ ಹುಡುಗ ನನ್ನ ಮೊಮ್ಮಗಳಿಗಿ ಸಿಗ್ಲಿ ಅಂತ ಆಸಿ ಇತ್ತು. ಈ ಸಂಬಂಧ ಮುರೀಲಿ ಅಂತ ಪ್ರಾರ್ಥನಾ ಸುದ್ದಾ ಮಾಡೀನಿ. ಈ ಮನಿಯವರದೂ ಮಾಫಿ ಬೇಕು."

ಹುಡುಗನ ತಾಯಿ ಪೊಟ್ಟಣವನ್ನು ಮತ್ತೆ ಚೀಲದೊಳಗೆ ಇಟ್ಟರು.

"ಬಾಜೂಕಿನವರೇ ಮುರೀಲಿ ಅಂತ ಪ್ರಾರ್ಥನಾ ಮಾಡ್ಯಾರಂದ್ರ ಹುಡುಗಿದು ಏನರೇ ಇರಬೇಕಲ್ಲ?" ಎಂದರು.

ಏನೂ ಇಲ್ಲವೆಂದು ನಾನು, ನನ್ನ ಗಂಡ, ಸ್ವತಃ ಕಾಕು ಎಲ್ಲರೂ ಬಡಬಡಿಸಿದೆವು. ಹೇಳಿದಷ್ಟೂ ಅವರ ಸಂಶಯ ಗಟ್ಟಿಯಾಯಿತು. ಚಹಾ ಹಾಗೇ ಬಿಟ್ಟು ಎದ್ದರು. ವಿಚಾರ ಮಾಡಿ ಹೇಳುತ್ತೇವೆ ಎಂದವರು ಮತ್ತೆ ಹೇಳಲೇ ಇಲ್ಲ. ಹುಡುಗ ನಾದಿನಿಯ ಫೋನು ಎತ್ತುವುದನ್ನು ಬಿಟ್ಟ.

ಆ ಸಂಜೆ ಗೋಡೆಯ ಹತ್ತಿರ ನಿಂತು ನಾನು ಗಲ್ಲಿಗೆಲ್ಲ ಕೇಳುವಂತೆ ಕೂಗಿದೆ. "ಕಾಕು, ನಿಮ್ಮ ದಿಲ್ ತೊಳದ್ ನೀರ ನಮ್ಮ ಅಂಗಳದಾಗ ಯಾಕ ಚೆಲ್ತೀರಿ? ದೇವರಿಗಿ ಹೇಳ್ರಿ. ಅಂವಗ ಕಿವಿ ಇಲ್ಲೇನು?"

ಕಾಕು ಒಗೆದ ಬಟ್ಟೆ ಹಿಡಿದುಕೊಂಡು ನಿಂತಿದ್ದರು. "ದೇವರಿಗಿ ಹೇಳೋದು ಸಸ್ತಾ ಯವ್ವಾ," ಎಂದರು ಮೆಲ್ಲಗೆ. "ಅಂವಗ ಮೊದಲೇ ಗೊತ್ತಿರ್ತದ. ಅಂವನ ಮುಂದ ನಾಚಿಕಿ ಬರಂಗಿಲ್ಲ. ಮಂದಿ ಮುಂದ ಬರ್ತದ."

ಆ ಮಾತಿಗೆ ನನಗೆ ಇನ್ನಷ್ಟು ಸಿಟ್ಟು ಬಂತು. ಇನ್ನು ನಮ್ಮ ಹುಡುಗಿಯ ಹತ್ತಿರ ಮಾಫಿ ಗೀಫಿ ಅಂತ ಬಂದರೆ ನೋಡಿ ಎಂದು ಹೇಳಿ ಒಳಗೆ ಬಂದೆ.

ಮರುದಿನ ಕಾಕು ತಾವು ಕುದಿಸಿದ ರಸವನ್ನು ಚರ್ಚಿಗೆ ತಂದುಕೊಟ್ಟು, ಭೋಜನಕ್ಕೆ ಎಲ್ಲರೂ ಎದ್ದಾಗ ತಾವು ಕೂತಲ್ಲೇ ಕೂತರು. ಮುಂದಿನ ತಿಂಗಳೂ ಕೂತರು. ಅದರ ಮುಂದಿನ ತಿಂಗಳೂ. ಸಭಾಪಾಲಕರು ಮನೆಗೇ ಬಂದು ಕರೆದರು. ಪ್ರಯೋಜನವಾಗಲಿಲ್ಲ.

"ನನ್ನ ದಿಲ್ ಸಾಫ್ ಮಾಡ್ಲಾಕ ಹೋಗಿ ಒಂದ್ ಹುಡುಗಿ ಬಾಳೇ ಕೆಡಿಸೀನ್ರಿ ಪಾಸ್ಟರ್. ಯಾವ ಬಾಯಿಲೇ ಕುಡೀಲಿ?" ಎಂದು ಹೇಳುತ್ತಿದ್ದದ್ದು ಗೋಡೆಯ ಈಚೆ ನನಗೆ ಕೇಳಿಸಿತು.

ಮಾಫಿ ಕೇಳುವುದು ನಿಂತಿತು. ಬದಲಿಗೆ ಕಟೋರಿಗಳು ಬರತೊಡಗಿದವು. ಶನಿವಾರ ಬಂತೆಂದರೆ ಗೋಡೆಯ ಮೇಲೆ ಮುಚ್ಚಿಟ್ಟ ಒಂದು ಕಟೋರಿ. ಪುಂಡಿಪಲ್ಯ, ಎಣ್ಣೆಗಾಯಿ, ಕೆಲವೊಮ್ಮೆ ಹೋಳಿಗೆ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಹೇಳದಿದ್ದರೂ ನಮಗೆ ತಿಳಿಯುತ್ತಿತ್ತು. ಪಲ್ಯ ಬಂದರೆ ಸಣ್ಣದೇನೋ ಅಂದುಕೊಂಡಿದ್ದಾರೆ, ಹೋಳಿಗೆ ಬಂದರೆ ಭಾರಿ ಕೆಟ್ಟದ್ದೇ ಅಂದುಕೊಂಡಿದ್ದಾರೆ. "ಈ ವಾರ ಏನ್ ಅಂದಿರಬೇಕು ಕಾಕು?" ಎನ್ನುತ್ತಾ ನನ್ನ ಗಂಡ ಬೆರಳು ಚೀಪುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ಹೇಳಿದರೆ ಒಂದು ಸಂಕಟ, ಹೇಳದಿದ್ದರೆ ಇನ್ನೊಂದು. ನಾದಿನಿ ಅಂತೂ ಆ ಕಟೋರಿಗಳ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಒಂದು ಶನಿವಾರ ಕಾಕು ತಮ್ಮ ಅಂಗಳದಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಆರಿಸುತ್ತಿದ್ದರು. ನಾನು ಈಚೆ ಬಟ್ಟೆ ಒಣಹಾಕುತ್ತಿದ್ದೆ. ನಾದಿನಿ ನನ್ನನ್ನು ದಾಟಿಕೊಂಡು ಆಚೆ ಹೋಗಿ ಅವರ ಎದುರು ನಿಂತಳು.

"ಕಾಕು, ನಿಮ್ಮ ಮಾಫಿ ಬೇಕು."

ಕಾಕು ತಲೆ ಎತ್ತಿದರು.

"ನೀವು ಸತ್ತ ಹೋಗ್ಲಿ ಅಂತ ದಿನಾ ಅಂದ್ಕೊಂಡೀನಿ. ಚರ್ಚಿಗಿ ಹೋಗೋ ಮುಂದ ಹೈವೇ ದಾಟ್ತೀರಲ್ಲ, ಆವಾಗ ಲಾರಿ ಬರ್ಲಿ ಅಂತ. ನಿಮ್ಮ ಹೋಳಿಗಿ ನಾಯಿಗಿ ಹಾಕೀನಿ. ಮಾಫ್ ಮಾಡ್ರಿ."

ಕಾಕುವಿನ ಬೆರಳು ಬೇಳೆಯಲ್ಲೇ ನಿಂತಿತು.

"ಲಾರಿ?" ಎಂದರು. ಆಮೇಲೆ, ನಿಜವಾಗಿ ನೊಂದ ದನಿಯಲ್ಲಿ, "ಇದನ್ನ ನನಗ್ಯಾಕ ಹೇಳ್ತಿ?" ಎಂದು ಕೇಳಿದರು.

ಆ ಒಂದು ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ನಗಬೇಕು ಅನ್ನಿಸಿತು, ಆದರೆ ನಾದಿನಿಯ ಮುಖ ಕಂಡು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡೆ.

"ದಿಲ್ ಸಾಫ್ ಆಗ್ಲಿ ಅಂತ," ಎಂದಳು ಅವಳು.

"ಆಯ್ತೇನು?"

"ಇಲ್ಲ."

ಕಾಕು ಮೊರವನ್ನು ಪಕ್ಕಕ್ಕೆ ಇಟ್ಟರು. "ನನಗೂ ಆಗ್ತಿದ್ದಿಲ್ಲ ಯವ್ವಾ. ಒಂದ್ ತಾಸ ಹಗೂರ ಅನಸ್ತಿತ್ತು. ಮನಿಗಿ ಬರೋದ್ರಾಗ ಮತ್ತ ಇನ್ನೊಂದ್ ಹುಟ್ಟತಿತ್ತು. ಮತ್ತ ಓಡೋದು. ನೀವೆಲ್ಲ ನೊಂದ್ಕೊಳ್ತೀರಿ ಅಂತ ಖಬರೇ ಇದ್ದಿಲ್ಲ. ಈಗ ಲಾರಿ ಅಂದಿ ನೋಡು, ಈಗ ತಿಳೀತು."

"ನನ್ನ ಸಿಟ್ಟ ಇನ್ನಾ ಹೋಗಿಲ್ಲ," ಎಂದಳು ನಾದಿನಿ.

"ಇರ್ಲಿ. ಇಟ್ಕೊಂಡೇ ಕೂಡು."

ನಾದಿನಿ ಕೂತಳು. ಇಬ್ಬರ ನಡುವೆ ಮೊರ ಎಳೆದುಕೊಂಡು ಬೇಳೆ ಆರಿಸತೊಡಗಿದರು. ನಾನು ಒಣಹಾಕಿದ್ದ ಬಟ್ಟೆಯನ್ನೇ ತೆಗೆದು ಮತ್ತೆ ಹಾಕುತ್ತಾ ಅಲ್ಲೇ ನಿಂತಿದ್ದೆ... ಮುಂದಿನ ಭೋಜನಕ್ಕೆ ಎಲ್ಲರೂ ಏಳುವಾಗ ನಾದಿನಿ ಕಾಕುವಿನ ಮೊಣಕೈ ಹಿಡಿದು ಎಬ್ಬಿಸಿದಳು. ಕಾಕು ಕುಡಿದರು. ಅಷ್ಟು ಹೊತ್ತಿಗೆ ಅವರ ಮನಸ್ಸು ಶುದ್ಧವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಮರುವರ್ಷ ನಾದಿನಿಯ ಮದುವೆ ಲೋಹಾರಾದ ಹುಡುಗನ ಜೊತೆ ಆಯಿತು. ಒಳ್ಳೆಯವನು. ಉದಗೀರದವನ ಹೆಸರು ಅವಳು ಮತ್ತೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮದುವೆಯ ಅಡುಗೆಯೆಲ್ಲ ಕಾಕುವಿನದೇ ಉಸ್ತುವಾರಿ.

ಆಮೇಲೆ ಕಾಕು ಒಂದು ಹೊಸ ರೂಢಿ ಮಾಡಿಕೊಂಡರು. ಶನಿವಾರ ನನ್ನ ಬಾಗಿಲಿಗೆ ಬಂದು, "ಹೇಳ್ಲೇನು, ಬ್ಯಾಡೇನು?" ಎಂದು ಕೇಳುವರು. ನಾನು ತಲೆ ಎತ್ತದೆ "ಬ್ಯಾಡ" ಎನ್ನುವೆ. "ಬರೋಬ್ಬರಿ," ಎಂದು, ಸರಿ ಎನ್ನುವ ಹಾಗೆ ತಲೆಯಾಡಿಸಿ, ನಕ್ಕು ಹೋಗುವರು. ಏನಿತ್ತಪ್ಪಾ ಅದು ಎಂದು ಆಮೇಲೆ ಹೊಲಿಗೆಯಲ್ಲಿ ನನ್ನ ಕೈ ತಪ್ಪುತ್ತಿತ್ತು. ಮರುದಿನ ಕೇಳಿದರೆ ಹೇಳುತ್ತಿರಲಿಲ್ಲ. ನೀನೇ ಬ್ಯಾಡ ಅಂದಿ, ಎನ್ನುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಹಿಡಿಯಿತು. ಇಳಿಯಿತು, ಮತ್ತೆ ಬಂತು. ನಿಲಂಗಾದ ಮಗಳು ಜೀಪು ಮಾಡಿಕೊಂಡು ಬಂದು ಕರೆದೊಯ್ಯಲು ನಿಂತಳು. ನಾನು ಅವರ ಚೀಲ, ಹೊದಿಕೆ, ಗುಳಿಗೆ ಎಲ್ಲ ಜೋಡಿಸುತ್ತಿದ್ದೆ. ಜೀಪಿನಲ್ಲಿ ಕೂತ ಮೇಲೆ ನನ್ನ ಕೈ ಹಿಡಿದರು. ಬೆರಳುಗಳು ಸುಡುತ್ತಿದ್ದವು.

"ಯವ್ವಾ, ಒಂದ್ ಮಾತ ಅದ. ಹೇಳ್ಲೇನು, ಬ್ಯಾಡೇನು?"

"ಈಗ ಬ್ಯಾಡ್ರೀ ಕಾಕು. ಆರಾಮಾಗಿ ಬಂದ್ ಮ್ಯಾಲ ಹೇಳ್ರಿ."

ಬರೋಬ್ಬರಿ ಎಂದರು. ಜೀಪು ಹೋಯಿತು. ಅವರು ತಿರುಗಿ ಬರಲಿಲ್ಲ. ಮಣ್ಣು ನಿಲಂಗಾದಲ್ಲೇ ಆಯಿತು.

ಈಗ ಆ ಮನೆಯಲ್ಲಿ ಬೇರೆಯವರು ಬಾಡಿಗೆಗೆ ಇದ್ದಾರೆ. ಹೆಂಗಸು ಒಳ್ಳೆಯವಳು, ಕಂಡಾಗೆಲ್ಲ ನಗುತ್ತಾಳೆ, ನನ್ನ ಹೊಲಿಗೆಯನ್ನು ಹೊಗಳುತ್ತಾಳೆ. ಒಳಗೆ ಏನು ಅಂದುಕೊಳ್ಳುತ್ತಾಳೋ ತಿಳಿಯುವ ದಾರಿ ಇಲ್ಲ.

ಮೊನ್ನೆ ನಾದಿನಿ ಲೋಹಾರಾದಿಂದ ಫೋನು ಮಾಡಿದಾಗ ಈ ಮಾತು ತೆಗೆದೆ. ಕಾಕು ಹೇಳದೇ ಹೋದದ್ದು ಏನಿರಬಹುದು ಎಂದು ಕೇಳಿದೆ. ನನ್ನ ಬಗ್ಗೆ ಎಂಥದೋ ಕೆಟ್ಟದ್ದೇ ಇರಬೇಕು ಎಂದೂ ಹೇಳಿದೆ. ಅವಳು ತಿರುಗಿ ನನ್ನನ್ನೇ ಕೇಳಿದಳು.

"ಛಲೋದಿದ್ರ, ವೈನಿ?"

ನನಗೆ ಅದು ಹೊಳೆದೇ ಇರಲಿಲ್ಲ. ಫೋನಿಟ್ಟ ಮೇಲೂ ಹಾಗೇ ಕೂತಿದ್ದೆ. ಎಂಥ ಹೆಂಗಸು ಈಕೆ! ಬದುಕಿದ್ದಾಗ ಬೇಡದ್ದನ್ನೆಲ್ಲ ಬಾಗಿಲಿಗೆ ತಂದು ಹೇಳಿದರು. ಕೊನೆಯದನ್ನು ಮಾತ್ರ, ನಾನು ಬ್ಯಾಡ ಅಂದೆನೆಂದು, ತಮ್ಮ ಜೊತೆಗೇ ಒಯ್ದುಬಿಟ್ಟರು. ಹೇಳಿ ಹೋಗಬೇಕಿತ್ತು. ನಾನು ಬ್ಯಾಡ ಅಂದರೂ ಹೇಳಿ ಹೋಗಬೇಕಿತ್ತು.