ಕಲ್ಯಾಣಕ್ಕೆ ಹೋಗಿ ತಿರುಗಿದ ವಿಮಾನ

ಇಪ್ಪತ್ತೆರಡು ಸಾವಿರ ರೂಪಾಯಿ. ನಾಗರತ್ನಮ್ಮ ಹೇಳಿದ್ದೂ ಅಷ್ಟೇ, ನಾನು ಕೊಟ್ಟಿದ್ದೂ ಅಷ್ಟೇ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾನು ಆ ದಿನ ಒಂದು ರೂಪಾಯಿ ಇಳಿಸಲಿಲ್ಲವೆಂದರೆ ಮುಂಬಯಿ ಹೊರವಲಯದ ನಮ್ಮ ಡೊಂಬಿವಲಿಯಲ್ಲಿ ನನ್ನನ್ನು ಬಲ್ಲ ಯಾರೂ ನಂಬುವುದಿಲ್ಲ. ಕನಿಕರದಿಂದ ಅಂತ ತಿಳಿಯಬೇಡಿ. ಅವರ ಗಂಡ ಶ್ರೀಕಂಠನ ವಸ್ತು ನನಗೆ ಅಗ್ಗಕ್ಕೆ ಸಿಕ್ಕಿತೆಂದು ಯಾರೂ, ಮುಖ್ಯವಾಗಿ ನನ್ನ ಹೆಂಡತಿ, ಹೇಳಬಾರದಿತ್ತು. ಪೂರಾ ಬೆಲೆ ಕೊಟ್ಟರೆ ವಸ್ತು ಪೂರಾ ನನ್ನದಾಗುತ್ತದೆ ಅಂದುಕೊಂಡಿದ್ದೆ.

ಇಂಥ ಕಥೆಗಳನ್ನು ನಾನು ನಂಬಿದವನೇ ಅಲ್ಲ. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿಗೇ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತ ಇನ್ವರ್ಟರ್ ಅಂಗಡಿ ಇಟ್ಟವನು. ಗಿರಾಕಿ ಬಂದು "ತಾನಾಗೇ ಆನ್ ಆಗುತ್ತೆ, ತಾನಾಗೇ ಆಫ್ ಆಗುತ್ತೆ" ಎಂದು ಹೆದರಿಕೊಂಡು ಹೇಳಿದಾಗಲೆಲ್ಲ ಹುಡುಕಿದರೆ ಎಲ್ಲೋ ಒಂದು ಸಡಿಲ ವೈರು ಸಿಗುತ್ತದೆ. ಇದೊಂದು ವಿಷಯದಲ್ಲಿ ಮಾತ್ರ ಇವತ್ತಿನವರೆಗೂ ಆ ವೈರು ನನ್ನ ಕೈಗೆ ಸಿಕ್ಕಿಲ್ಲ.

ನಾನು ಕೊಂಡದ್ದು ಮನೆಯಲ್ಲೇ ಕೂತು ವಿಮಾನ ಹಾರಿಸುವ ಸಿಮ್ಯುಲೇಟರ್. ಒಂದು ಕಂಪ್ಯೂಟರ್, ಎರಡು ಪರದೆ, ವಿಮಾನದ ಸ್ಟೇರಿಂಗಿನಂಥ ಒಂದು ಹಿಡಿ, ಕಾಲಿಗೆ ಪೆಡಲು. ಶ್ರೀಕಂಠ ಅದಕ್ಕೆ ಪ್ಲೈವುಡ್ಡಿನ ಚೌಕಟ್ಟು ಕಟ್ಟಿಸಿ, ಬೂದು ಬಣ್ಣ ಹೊಡೆದು, ಮುಂದೆ ಎರಡು ಕುರ್ಚಿ ಜೋಡಿಸಿದ್ದ. ಎಡಗಡೆಯದು ಪೈಲಟ್‌ದು, ಬಲಗಡೆಯದು ಬಂದವರದು. ಹೊಸ ವಿಮಾನಗಳೆಂದರೆ ಅವನಿಗೆ ತಾತ್ಸಾರ. ಹಾರಿಸುತ್ತಿದ್ದುದು ನಮ್ಮ ಚಿಕ್ಕಂದಿನ ಕಾಲದ, ಬಾಲದ ಹತ್ತಿರ ಮೂರು ಎಂಜಿನ್ ಇರುವ ಹಳೆಯ ಜೆಟ್ಟನ್ನು ಮಾತ್ರ. "ಹೊಸದರಲ್ಲಿ ಊರಿನ ಹೆಸರು ಒತ್ತಿದ್ರೆ ಅದೇ ಕರ್ಕೊಂಡ್ ಹೋಗತ್ತೆ ಕಣ್ರೀ, ಸಾಹುಕಾರ್ರೇ. ಇದರ ಆಟೋಪೈಲಟ್‌ಗೆ ಯಾವ ಊರೂ ಗೊತ್ತಿಲ್ಲ. ನೀವು ಕೊಟ್ಟ ದಿಕ್ಕು, ನೀವು ಕೊಟ್ಟ ಎತ್ತರ, ಅಷ್ಟೇ" ಅನ್ನುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವನು ಮೈಸೂರಿನವನು. ಮುಂಬಯಿಯ ಫೋರ್ಟ್ ಕಡೆ ಫೈನಾನ್ಸ್ ಕಂಪನಿಯಲ್ಲಿ ಕೆಲಸ, ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಮೇಲಿನ ಮಹಡಿಯಲ್ಲಿ ಮನೆ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸಂಬಳಕ್ಕಾಗಿ ಅಲ್ಲ, ನನ್ನ ಅಂಗಡಿಯೂ ಚೆನ್ನಾಗಿಯೇ ನಡೆಯುತ್ತಿತ್ತು. ಅವನು ಬಾಯಿ ತೆರೆದರೆ ಸಾಕು, ಎದುರಿದ್ದವರು ನಗಲು ತಯಾರಾಗುತ್ತಿದ್ದರಲ್ಲ, ಅದಕ್ಕೆ. ಹಾಗೆ ತಯಾರಾಗುವವರಲ್ಲಿ ನನ್ನ ಹೆಂಡತಿ ವನಜ ಮೊದಲನೆಯವಳಾಗಿದ್ದುದಕ್ಕೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಬೆಳಿಗ್ಗೆ ಮುಂಬಯಿ ಕಡೆಗೆ ಹೋಗುವ ಲೋಕಲ್ ಡೊಂಬಿವಲಿಗೆ ಬರುವಷ್ಟರಲ್ಲೇ ಅದಕ್ಕೂ ಹಿಂದೆ ಸಿಗುವ ಕಲ್ಯಾಣದ ಜನರಿಂದ ತುಂಬಿರುತ್ತದೆ. ಕೂರಬೇಕೆಂದರೆ ಮೊದಲು ಉಲ್ಟಾ ಹೋಗಬೇಕು. ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿ, ಅಲ್ಲಿ ಇಳಿಯದೆ ಸೀಟು ಹಿಡಿದು ಕೂತರೆ ಅದೇ ಗಾಡಿ ಮುಂಬಯಿಗೆ ತಿರುಗುತ್ತದೆ. ಇದಕ್ಕೆ 'ರಿಟರ್ನ್ ಹೊಡೆಯುವುದು' ಅನ್ನುತ್ತೇವೆ. ಹಾಗೆ ಮಾಡುವವರು ಪಾಸನ್ನು ಕಲ್ಯಾಣದಿಂದಲೇ ತೆಗೆಸಿಟ್ಟುಕೊಳ್ಳಿ, ಇಲ್ಲದಿದ್ದರೆ ಟಿಸಿ ಹಿಡಿಯುತ್ತಾನೆ.

ವನಜಳಿಗೆ ಸೊಂಟದ ತೊಂದರೆ ಶುರುವಾದ ವರ್ಷ, ಚಿಕಿತ್ಸೆಗೆಂದು ವಾರಕ್ಕೆರಡು ಬೆಳಿಗ್ಗೆ ಮುಂಬಯಿ ದಾರಿಯಲ್ಲಿರುವ ಠಾಣೆ ಊರಿಗೆ ಹೋಗಬೇಕಾಯಿತು. ನಡೆಯಬಲ್ಲಳು, ಆದರೆ ನಿಂತು ಪ್ರಯಾಣ ಮಾಡುವಂತಿರಲಿಲ್ಲ. ರಸ್ತೆಯ ಗುಂಡಿಗಳಲ್ಲಿ ರಿಕ್ಷಾವಂತೂ ಬೇಡವೇ ಬೇಡವೆಂದು ಡಾಕ್ಟರು ಹೇಳಿದ್ದರು. ನಾನೇ ರಿಟರ್ನ್ ಹೊಡೆದರೆ ಪ್ಲಾಟ್‌ಫಾರ್ಮಿನಲ್ಲಿ ಅವಳನ್ನು ಹತ್ತಿಸುವವರು ಯಾರು? ರಿಟರ್ನ್ ಹೊಡೆಯುವ ಕೆಲಸ ಶ್ರೀಕಂಠ ವಹಿಸಿಕೊಂಡ. ಗಾಡಿ ಬಂದು ನಿಂತರೆ ಕಿಟಕಿಯಲ್ಲಿ ಅವನ ಮುಖ. "ಬನ್ನಿ ವನಜಕ್ಕ, ಸೀಟು ಬೆಚ್ಚಗೆ ಮಾಡಿಟ್ಟಿದೀನಿ!" ನೂಕಿ ಹತ್ತಿಸುವುದು ನನ್ನ ಕೆಲಸ, ಕೂರಿಸುವುದು ಅವನ ಕೆಲಸ. ಅವಳು ಒಂದು ಕೈಯನ್ನು ಸೊಂಟಕ್ಕೆ ಆನಿಸಿ ಮೆಲ್ಲಗೆ ಕೂರುತ್ತಿದ್ದಳು, ಅವನು ಎದ್ದು ನಿಲ್ಲುತ್ತಿದ್ದ. ನಾನು ಠಾಣೆಯವರೆಗೂ ಬಾಗಿಲಲ್ಲಿ ನೇತಾಡುತ್ತಿದ್ದೆ. ಜನರ ಬೆನ್ನುಗಳ ಆಚೆಯಿಂದ ಅವಳ ನಗು ಕೇಳುತ್ತಿತ್ತು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ನೋವು ಕಡಿಮೆಯಾದ ಮೇಲೆ ಭಾನುವಾರಗಳಲ್ಲಿ ಮೇಲಿನ ಮನೆಗೆ ಹೋಗಿ ನಾಗರತ್ನಮ್ಮನ ಜೊತೆ ಕಾಫಿ ಕುಡಿದು, ಆ ಬಲಗಡೆಯ ಕುರ್ಚಿಯಲ್ಲಿ ಕೂತು ಬರುತ್ತಿದ್ದಳು. ಬಂದು ಹೇಳುವಳು, "ಕ್ಯಾಪ್ಟನ್ ಇವತ್ತು ಗೋವಾದ ಮೇಲೆ ಕರ್ಕೊಂಡು ಹೋದ್ರು." ಅವಳು ನಿಜವಾದ ವಿಮಾನ ಹತ್ತಿದವಳಲ್ಲ. ಹತ್ತಿಸಬೇಕೆಂದು ನನಗೂ ಹೊಳೆದಿರಲಿಲ್ಲ.

ಒಂದು ಮಳೆಗಾಲದಲ್ಲಿ ಶ್ರೀಕಂಠ ಆಫೀಸಿನಲ್ಲೇ ಹೃದಯಾಘಾತವಾಗಿ ಹೋಗಿಬಿಟ್ಟ. ನಾಗರತ್ನಮ್ಮ ಮನೆ ಖಾಲಿ ಮಾಡಿ ಮೈಸೂರಿಗೆ ಹೊರಟಾಗ ನಾನು ಸಿಮ್ಯುಲೇಟರ್ ಕೊಂಡೆ. ಅದು 2009ರ ಕೊನೆಯ ಮಾತು.

"ಎಂತಕ್ಕೆ ಮಾರಾಯ್ರೇ ಇದು? ನಿಮಗೆ ಸ್ಕೂಟರ್ ಸ್ಟ್ಯಾಂಡ್ ಹಾಕ್ಲಿಕ್ಕೇ ಬರುದಿಲ್ಲ" ಎಂದಳು ವನಜ.

ಹಟಕ್ಕೆ ಬಿದ್ದು ಕಲಿತೆ. ಚಹಾ ಕೊಡಲು ಬಂದರೆ ಅವಳು ಬಾಗಿಲಲ್ಲೇ ನಿಂತು ನೋಡಿ ಹೋಗುವಳು. ಕೂತ್ಕೋ ಎಂದರೆ ಒಲೆಯ ಮೇಲೆ ಏನೋ ಇರುತ್ತಿತ್ತು. ನನಗೆ ಬೇಕಾಗಿದ್ದುದು ಅದೊಂದೇ, ಅವಳು ಆ ಕುರ್ಚಿಯಲ್ಲಿ ನನ್ನ ಪಕ್ಕ ಕೂರಬೇಕು. ಇಪ್ಪತ್ತೆರಡು ಸಾವಿರ ಕೊಟ್ಟದ್ದೂ ಅದಕ್ಕೇ.

ಆ ಭಾನುವಾರ ಅವಳು ಮುಲುಂಡಿನ ತಂಗಿಯ ಮನೆಗೆ ಹೋಗಲು ಸೀರೆ ಉಟ್ಟು ತಯಾರಾಗಿದ್ದಳು. ಮಧ್ಯಾಹ್ನ ನೋಡಿದರೆ ಹಳಿ ರಿಪೇರಿಯ ಮೆಗಾಬ್ಲಾಕ್, ಗಾಡಿಗಳಿಲ್ಲ.

"ಟ್ರೈನ್ ಇಲ್ಲದಿದ್ರೆ ವಿಮಾನ ಉಂಟಲ್ಲ" ಎಂದೆ. "ಮಂಗಳೂರಿಗೇ ಕರ್ಕೊಂಡು ಹೋಗ್ತೇನೆ. ಬಾ, ಕೂತ್ಕೋ."

"ನಾನು ನಿಂತೇ ನೋಡ್ತೇನೆ. ಬೀಳಿಸಿದ್ರೆ ಸಂಜೆ ಚಾ ಇಲ್ಲ, ಈಗಲೇ ಹೇಳಿದ್ದೇನೆ."

ಮುಂಬಯಿಯಿಂದ ಸಮುದ್ರದ ಕಡೆಗೆ ಏರಿಸಿದೆ. ಬೀಳಿಸಲಿಲ್ಲ. ಬೇಕಾದ ಎತ್ತರಕ್ಕೆ ಬಂದ ಮೇಲೆ ತಿರುವಿನ ಗುಂಡಿ, ಅಂದರೆ ವಿಮಾನವನ್ನು ಎಡಬಲಕ್ಕೆ ಹೊರಳಿಸುವುದು, ನಡುವಿನಲ್ಲಿದೆಯೆಂದು ಖಾತ್ರಿ ಮಾಡಿಕೊಂಡು ಆಟೋಪೈಲಟ್ ಹಾಕಿದೆ. ಎತ್ತರ ಹಿಡಿಯುವ ಸ್ವಿಚ್ ಒತ್ತಿದೆ. ದಿಕ್ಸೂಚಿಯ ಮೇಲಿನ ಗುರುತನ್ನು ದಕ್ಷಿಣಕ್ಕೆ ತಿರುಗಿಸಿದೆ. ಪಶ್ಚಿಮಕ್ಕೆ ಹೊರಟ ವಿಮಾನ ದಕ್ಷಿಣಕ್ಕೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕು. ಅದು ಬಲಕ್ಕೆ ವಾಲಿತು.

ಸ್ವಲ್ಪ ಹೊತ್ತು ನೋಡಿದೆ. ಉತ್ತರ ದಾಟಿತು, ಈಶಾನ್ಯಕ್ಕೆ ಬಂದು ನೇರವಾಯಿತು. ಗುರುತು ನೋಡಿದರೆ ನಾನಿಟ್ಟಲ್ಲೇ, ದಕ್ಷಿಣದಲ್ಲೇ ಇತ್ತು. ಗುಂಡಿ ನಡುವಿನಲ್ಲೇ ಇತ್ತು. ನನ್ನ ಕೈಕಾಲು ಯಾವುದರ ಮೇಲೂ ಇರಲಿಲ್ಲ.

"ಎಂತ ಇದು, ಮಂಗಳೂರು ಈ ಬದಿಗಾ?" ಎಂದಳು ಹಿಂದಿನಿಂದ.

ಅವನಿದ್ದಿದ್ದರೆ ಇಷ್ಟು ಹೊತ್ತಿಗೆ ಗೋವಾ ಕಾಣುತ್ತಿತ್ತು ಎಂದು ಅವಳು ಅಂದುಕೊಳ್ಳುತ್ತಿರಬೇಕು ಅನಿಸಿತು. ಆಟೋಪೈಲಟ್ ಆಫ್ ಮಾಡಲು ಕೈ ಚಾಚಿದೆ.

"ಇರ್ಲಿ, ಮುಟ್ಬೇಡಿ."

ಕೆಳಗೆ ಠಾಣೆಯ ಖಾಡಿ, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ನೀರು, ಬಂತು. ಆ ಕಾಲದ ಸಿಮ್ಯುಲೇಟರಿನಲ್ಲಿ ಊರು, ಸ್ಟೇಷನ್ನು ಏನೂ ಕಾಣುವುದಿಲ್ಲ, ನೀರಿನ ಗೆರೆ, ಗುಡ್ಡಗಳಷ್ಟೇ. ಪಾರಸಿಕ್ ಗುಡ್ಡ ದಾಟಿತು. ಖಾಡಿಯ ಪಕ್ಕದ ಆ ಹಸಿರು ಬಯಲೇ ನಮ್ಮ ಡೊಂಬಿವಲಿ. ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ, ಉಲ್ಲಾಸ ನದಿ ಬಾಗುವ ಕಡೆ, ಅಂದರೆ ಸರಿಯಾಗಿ ಕಲ್ಯಾಣದ ಮೇಲೆ, ವಿಮಾನ ಮೆಲ್ಲಗೆ ಅರ್ಧ ಸುತ್ತು ವಾಲಿ ಬಂದ ದಾರಿಗೇ ಮುಖ ಮಾಡಿತು.

"ರಿಟರ್ನ್ ಹೊಡಿತಾ ಉಂಟು" ಎಂದಳು ವನಜ. ತೀರಾ ಸಣ್ಣ ದನಿಯಲ್ಲಿ.

ಹಿಂದೆ ಸೀರೆಯ ಸದ್ದಾಯಿತು. ವಿಮಾನ ಮತ್ತೆ ಡೊಂಬಿವಲಿಯ ಮೇಲೆ ಬರುವಷ್ಟರಲ್ಲಿ ಅವಳು ಬಾಗಿಲು ಬಿಟ್ಟು ಬಂದು, ಒಂದು ಕೈಯನ್ನು ಸೊಂಟಕ್ಕೆ ಆನಿಸಿ, ಬಲಗಡೆಯ ಕುರ್ಚಿಯಲ್ಲಿ ಕೂತಳು. ಸೊಂಟ ನೋವು ಹೋಗಿ ವರ್ಷವಾಗಿತ್ತು. ಅವಳು ಕೂತ ಮೇಲೆ ವಿಮಾನ ಎಡಕ್ಕೆ ವಾಲಿ, ನಾನು ಮೊದಲೇ ಕೊಟ್ಟಿದ್ದ ದಕ್ಷಿಣದ ದಿಕ್ಕು ಹಿಡಿಯಿತು. ಆಮೇಲೆ ಮಂಗಳೂರಿನವರೆಗೂ ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಯಾರು ಹೊಡೆದದ್ದು ರಿಟರ್ನ್?" ಎಂದು ಕೇಳಿದೆ, ತಡೆಯಲಾರದೆ.

"ನನ್ನ ಹತ್ರ ಕೇಳ್ತೀರಾ? ಪೈಲಟ್ ನೀವಲ್ವಾ?" ಎಂದು ನಕ್ಕಳು. ಅದೇ ನಗು, ಬಾಗಿಲಲ್ಲಿ ನೇತಾಡುತ್ತ ನಾನು ಕೇಳುತ್ತಿದ್ದದ್ದು. ಈ ಸಲ ನಡುವೆ ಯಾರ ಬೆನ್ನೂ ಇರಲಿಲ್ಲ. ದಾರಿಯುದ್ದಕ್ಕೂ ಬಲಗಡೆಯ ಸಮುದ್ರ ನೋಡುತ್ತ ಕೂತಿದ್ದಳು.

ಆಮೇಲೆ ನಾನು ಬಿಡಲಿಲ್ಲ. ಅದೇ ರನ್‌ವೇ, ಅದೇ ಇಂಧನ, ಅದೇ ದಿಕ್ಕು ಇಟ್ಟು ಎಷ್ಟೋ ಸಲ ಹಾರಿಸಿದೆ. ಪ್ರತಿ ಸಲವೂ ಎಡಕ್ಕೆ ತಿರುಗಿ ಮರ್ಯಾದೆಯಿಂದ ದಕ್ಷಿಣಕ್ಕೆ ಹೋಯಿತು. ತಿರುವಿನ ಗುಂಡಿಯನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ನೋಡಿದೆ, ಆಟೋಪೈಲಟ್ ಹತ್ತಿಕೊಳ್ಳಲೇ ಇಲ್ಲ. ವೈರುಗಳನ್ನೆಲ್ಲ ಬದಲಾಯಿಸಿದೆ. ಇಂಟರ್ನೆಟ್ಟಿನಲ್ಲಿ ಈ ಹವ್ಯಾಸದವರನ್ನು ಕೇಳಿದೆ. ಒಬ್ಬರು ಗಾಳಿ ಎಂದರು, ಒಬ್ಬರು ಹಿಡಿಯೊಳಗೆ ಧೂಳು ಎಂದರು. ಧೂಳಿಗೆ ವಿಮಾನ ತಿರುಗಬಹುದು, ಒಪ್ಪುತ್ತೇನೆ. ಯಾವ ಊರೂ ಗೊತ್ತಿಲ್ಲದ ಯಂತ್ರ ಕಲ್ಯಾಣಕ್ಕೇ ಹೋಗಿ ಯಾಕೆ ತಿರುಗಬೇಕು? ಇದು ಮೇಲಿನ ಮನೆಯಲ್ಲಿದ್ದಾಗ ಶ್ರೀಕಂಠ ಹಾಗೆ ಹಾರಿಸಿದ್ದನೇನೋ ಎಂದು ವನಜಳನ್ನು ಕೇಳಿದೆ. ಇಲ್ಲವಂತೆ, ಒಂದು ಸಲವೂ ಇಲ್ಲವಂತೆ.

ಈಗಲೂ ಭಾನುವಾರ ಅವಳು ಬಂದು ಆ ಕುರ್ಚಿಯಲ್ಲಿ ಕೂರುತ್ತಾಳೆ. ನನಗೆ ಬೇಕಾಗಿದ್ದುದು ಸಿಕ್ಕಿದೆ. ಅವತ್ತು ಅವಳು ಯಾರು ಹಿಡಿದಿಟ್ಟ ಸೀಟಿನಲ್ಲಿ ಕೂತಳು ಎನ್ನುವುದನ್ನು ಮಾತ್ರ ಕೇಳಿಲ್ಲ. ಉತ್ತರ ನನಗೆ ಹಿಡಿಸದೇ ಹೋದರೆ ಅವನ ಹತ್ತಿರ ಜಗಳಕ್ಕೆ ಹೋಗುವುದಾದರೂ ಎಲ್ಲಿಗೆ?

ನೀವು ಸೆಕೆಂಡ್‌ಹ್ಯಾಂಡ್ ಸಿಮ್ಯುಲೇಟರ್ ಕೊಳ್ಳುವವರಾದರೆ ಇಷ್ಟು ಮಾಡಿ. ಹಿಡಿಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬಿಡಿ, ತಾನಾಗಿ ನಡುವಿಗೆ ಬರಬೇಕು, ಬರದಿದ್ದರೆ ಸ್ಪ್ರಿಂಗ್ ಹೋಗಿದೆ. ಇನ್ವರ್ಟರ್ ಒಳ್ಳೆಯದೇ ಹಾಕಿ. ಮಾರುವವರು ಒಂದೇ ಕುರ್ಚಿ ಕೊಡುತ್ತೇನೆಂದರೆ ವ್ಯಾಪಾರ ಬಿಟ್ಟು ಎದ್ದು ಬನ್ನಿ. ಮನೆಯವರನ್ನು ಮೊದಲ ಸಲ ಕರೆದೊಯ್ಯುವಾಗ ಆಟೋಪೈಲಟ್ ಮುಟ್ಟಲೇಬೇಡಿ, ಅದು ಎಷ್ಟೇ ಚೆಂದದ ಹಳೆಯ ವಿಮಾನವಾಗಿರಲಿ. ಕೈಯಲ್ಲೇ ಹಾರಿಸಿ. ಅಲುಗಾಡಿದರೆ ಅಲುಗಾಡಲಿ, ಅವರು ಹೆದರಿ ನಿಮ್ಮ ತೋಳು ಹಿಡಿಯಲಿ. ಹಿಡಿದದ್ದು ನಿಮ್ಮ ತೋಳೇ ಎಂಬುದಾದರೂ ಖಾತ್ರಿಯಿರುತ್ತದೆ.